ಕೆಂಪು ಓಡುತ್ತಿದೆ

ಇಂಗ್ಲಿಷಿನಲ್ಲಿ ನನ್ನನ್ನು ಸೋಲಿಸಿದ ಪದ ಯಾವುದೆಂದು ಯಾರಾದರೂ ಕೇಳಿದರೆ ನಾನು ತಡಮಾಡದೆ 'ರನ್' ಎನ್ನುತ್ತೇನೆ. ಕೇಳಿದವರು ಪದದ ಉಳಿದ ಭಾಗಕ್ಕಾಗಿ ಕಾಯುತ್ತಾರೆ. ಉಳಿದ ಭಾಗವೇನೂ ಇಲ್ಲ. ಮಕ್ಕಳ ಪುಸ್ತಕದಲ್ಲಿ ನಾಯಿಯ ಚಿತ್ರದ ಕೆಳಗೆ ಇರುತ್ತದಲ್ಲ, ಅದೇ ರನ್. ಮೈಸೂರಿನಲ್ಲಿ ಇಂಗ್ಲಿಷ್ ಸಾಹಿತ್ಯ ಓದಿ ಮೊದಲ ದರ್ಜೆಯಲ್ಲಿ ಪಾಸಾದವಳು ನಾನು. ಉದ್ದುದ್ದ ಪದಗಳನ್ನೆಲ್ಲ ಪಳಗಿಸಿಕೊಂಡಿದ್ದೆ. ಅವು ವರ್ಷಕ್ಕೊಮ್ಮೆ ಮನೆಗೆ ಬರುವ ದೊಡ್ಡ ನೆಂಟರ ಹಾಗೆ. ಬರುತ್ತಾರೆ, ಕೂರುತ್ತಾರೆ, ಒಂದೇ ಮಾತಾಡಿ ಹೋಗುತ್ತಾರೆ. ತೊಂದರೆ ಕೊಡುವುದು ದಿನಾ ಹಿತ್ತಲ ಬಾಗಿಲಿನಿಂದ ಬಂದು ಹೋಗುವ ಈ ಪುಟ್ಟ ಪದಗಳು. ಇವು ಯಾವಾಗ ಯಾರ ಕೆಲಸ ಮಾಡುತ್ತಿರುತ್ತವೆ ಎಂದು ಹೇಳಲು ಬರುವುದಿಲ್ಲ.

ಮದುವೆಯಾಗಿ ನಾನು ಕೊಯಮತ್ತೂರಿನ ಪಕ್ಕದ ತುಡಿಯಲೂರಿಗೆ ಬಂದದ್ದು ಎಂಬತ್ತರ ದಶಕದ ನಡುವಿನಲ್ಲಿ. ಗಂಡನ ಮನೆಯವರು ತಲೆಮಾರುಗಳ ಹಿಂದೆಯೇ ಅಲ್ಲಿ ನೆಲೆನಿಂತ ಕನ್ನಡದವರು. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಕನ್ನಡ ಓದಲು ಮಾತ್ರ ಯಾರಿಗೂ ಬರುತ್ತಿರಲಿಲ್ಲ. ಇದರಿಂದ ನನಗೊಂದು ಅನುಕೂಲವಿತ್ತು. ನನ್ನ ಅಮ್ಮ ಬೀಗರ ಬಗ್ಗೆ ಏನು ಬೇಕಾದರೂ ಬರೆದು ತೆರೆದ ಅಂಚೆ ಕಾರ್ಡಿನಲ್ಲೇ ಹಾಕಬಹುದಿತ್ತು, ಮತ್ತು ಹಾಕುತ್ತಿದ್ದಳು.

ನಮ್ಮತ್ತೆಯ ಕನ್ನಡದಲ್ಲಿ ಎಲ್ಲವೂ ಓಡುತ್ತಿತ್ತು. ಮಿಲ್ಲು ಓಡುತ್ತಿತ್ತು, ಫ್ಯಾನು ಓಡುತ್ತಿತ್ತು, ಅಂಗಡಿಯ ವ್ಯಾಪಾರ ಓಡುತ್ತಿತ್ತು. ಒಂದು ದಿನ ಗೋಡೆಯ ಕಡೆ ನೋಡಿ, "ಗಡಿಯಾರ ಓಡ್ತಿಲ್ಲ ನೋಡು ಅಮ್ಮಣಿ" ಎಂದರು. ಅಮ್ಮಣಿ ಎಂದರೆ ಆ ಕಡೆ ಹೆಣ್ಣುಮಕ್ಕಳನ್ನು ಪ್ರೀತಿಯಿಂದ ಕರೆಯುವ ಮಾತು. ನಾನು ಹೊಸ ಸೊಸೆಯ ವಿನಯವನ್ನು ಮರೆತು, "ನಮ್ಮ ಕಡೆ ಗಡಿಯಾರ ನಡೆಯುತ್ತೆ ಅತ್ತೆ" ಎಂದೆ.

"ನಡೀಲಿ. ನಿಮ್ಮೂರಲ್ಲಿ ಎಲ್ಲಾ ಮೆತ್ತಗೆ ಹೋಗೋರು" ಎಂದರು ಅತ್ತೆ. "ಇಲ್ಲಿ ಕೆಲಸ ಜಾಸ್ತಿ. ಓಡಲೇಬೇಕು."

ಅತ್ತೆಯ ದೂರದ ತಮ್ಮ ರಂಗಸಾಮಿ ಮಾಮ ತಿರುಪ್ಪೂರಿನಲ್ಲಿ ಬನಿಯನ್ ಮಾಡಿಸುತ್ತಿದ್ದರು. ಹಿರಿಯರೆಲ್ಲ ಪಲ್ಲಡದ ಕಡೆ ಹತ್ತಿ ಬೆಳೆದವರು. ಇವರು ಹತ್ತಿಯ ಬೆನ್ನು ಹತ್ತಿ ಊರಿಗೆ ಬಂದು ನಾಲ್ಕು ಹೆಣಿಗೆ ಯಂತ್ರ ಹಾಕಿದ್ದರು. ಆಗಷ್ಟೇ ವಿದೇಶಕ್ಕೆ ಮಕ್ಕಳ ಟೀ ಶರ್ಟು ಕಳಿಸಲು ಶುರುಮಾಡಿದ್ದರಿಂದ ಇಂಗ್ಲಿಷ್ ಕಾಗದ ಓದಿ ಉತ್ತರ ಬರೆಯುವವರು ಬೇಕಾಗಿದ್ದರು. ಮನೆಯಲ್ಲಿ ಗಡಿಯಾರ ತಿದ್ದುತ್ತಾ ಕೂತಿದ್ದ ನನ್ನ ಹೆಸರನ್ನು ಅತ್ತೆಯೇ ಹೇಳಿದರು. ಹೀಗೆ ನಾನು ದಿನಾ ಬೆಳಿಗ್ಗೆ ಕೊಯಮತ್ತೂರಿನಿಂದ ರೈಲು ಹತ್ತಿ ತಿರುಪ್ಪೂರಿನಲ್ಲಿ ಇಳಿಯತೊಡಗಿದೆ.

ಮಾಮನನ್ನು ಕಂಪನಿಯಲ್ಲಿ ಎಲ್ಲರೂ ಮೊದಲಾಳಿ ಎನ್ನುತ್ತಿದ್ದರು, ಅಂದರೆ ಯಜಮಾನರು. ನಾನು ಮಾತ್ರ ಮಾಮ ಎನ್ನುತ್ತಿದ್ದೆ. ಅವರಿಗೆ ಇಂಗ್ಲಿಷ್ ಬಾರದು, ಆದರೆ ವ್ಯಾಪಾರದ ಇಂಗ್ಲಿಷ್ ನನಗಿಂತ ಚೆನ್ನಾಗಿ ಬರುತ್ತಿತ್ತು. ಮೊದಲ ವಾರವೇ ನನ್ನನ್ನು ಕೂರಿಸಿಕೊಂಡು ಪಾಠ ಹೇಳಿದರು. "ಚೆನ್ನಾಗಿ ಮಾರಾಟ ಆಗೋದು ರನ್ನಿಂಗ್ ಐಟಂ. ಕಪಾಟಲ್ಲೇ ಕೂತಿರೋದು ಡೆಡ್ ಐಟಂ. ಬಿಳಿ ಯಾವತ್ತೂ ರನ್ನಿಂಗ್. ಹಸಿರು ಡೆಡ್ಡು." ನಾನು ಇದನ್ನೆಲ್ಲ ನೋಟ್ ಪುಸ್ತಕದಲ್ಲಿ ಬರೆದುಕೊಂಡೆ.

ಕಂಪನಿಯ ಹಿಂದೆ ಸಾಯಪಟ್ಟರೆ ಇತ್ತು. ತಮಿಳಿನಲ್ಲಿ ಸಾಯ ಎಂದರೆ ಬಟ್ಟೆಗೆ ಹಾಕುವ ಬಣ್ಣ. ಪಟ್ಟರೆ ಎಂದರೆ ಕಾರ್ಖಾನೆ. ಮೈಸೂರಿನ ಕಿವಿಗೆ ಇದು ಜನ ಸಾಯುವ ಜಾಗದ ಹಾಗೆ ಕೇಳಿಸಿತ್ತು. ಇಂಗ್ಲಿಷಿನಲ್ಲಿಯೂ ಬಣ್ಣ ಹಾಕುವುದಕ್ಕೂ ಸಾಯುವುದಕ್ಕೂ 'ಡೈ' ಎಂಬ ಒಂದೇ ಉಚ್ಚಾರ ಎಂದು ಹೊಳೆದು, ನಾನು ಒಂದು ಇಡೀ ಮಧ್ಯಾಹ್ನ ಒಬ್ಬಳೇ ಸಂತೋಷಪಟ್ಟೆ. ಹೇಳಿಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ. ಸಾಯದ ಮಾಸ್ಟರ್ ಪಳನಿಯಪ್ಪನ್ ಐವತ್ತು ದಾಟಿದ ಮನುಷ್ಯ. ಮೊಣಕೈವರೆಗೆ ಅವರ ಕೈ ಆ ವಾರ ಯಾವ ಬಣ್ಣ ಹಾಕುತ್ತಿದ್ದರೋ ಆ ಬಣ್ಣದಲ್ಲಿರುತ್ತಿತ್ತು. ಮಾತು ಕಡಿಮೆ, ಅದೂ ತಮಿಳಿನಲ್ಲಿ. ಬಟ್ಟೆಯ ಹತ್ತಿರ ಮೂಗು ತಂದು ವಾಸನೆ ನೋಡಿಯೇ ಇದು ಸರಿ, ಇದು ಸಾಲದು ಎನ್ನುತ್ತಿದ್ದರು.

ಆ ಸಲ ಜರ್ಮನಿಯ ಒಬ್ಬ ಹೆಂಗಸಿನ ಕಂಪನಿಗೆ ಕೆಂಪು ಟೀ ಶರ್ಟು ಹೋಗಿತ್ತು. ಕೆಂಪು ಮೈ, ಬಿಳಿ ಕಾಲರ್. ನೋಡಲು ಮುದ್ದಾಗಿತ್ತು. ತಂತಿಯ ಮೂಲಕ ಅಕ್ಷರ ಕಳಿಸುವ ಟೆಲೆಕ್ಸ್ ಯಂತ್ರ ನಮಗೆ ಸ್ವಂತದ್ದು ಇರಲಿಲ್ಲ. ಸ್ಟೇಷನ್ ರಸ್ತೆಯ ಒಂದು ಆಫೀಸಿಗೆ ಬಂದದ್ದನ್ನು ಅವರು ನಮಗೆ ತಲುಪಿಸುತ್ತಿದ್ದರು. ಟೆಲೆಕ್ಸಿನಲ್ಲಿ ಜನ ಮಾತನ್ನು ಬಹಳ ಬಿಗಿ ಹಿಡಿಯುತ್ತಾರೆ. ಹಾಗೆ ಒಂದು ಬೆಳಿಗ್ಗೆ ಬಂದ ಕಾಗದದಲ್ಲಿ ಇದ್ದದ್ದು ಇಷ್ಟೇ: "ರೆಡ್ ರನ್ನಿಂಗ್ ಇನ್ ಆಲ್ ಸೈಜಸ್. ಅಡ್ವೈಸ್ ಸೂನೆಸ್ಟ್."

ನಾನು ಎದ್ದು ನಿಂತು ಓದಿದೆ. "ಮಾಮಾ, ಕೆಂಪು ರನ್ನಿಂಗ್ ಅಂತೆ. ಎಲ್ಲಾ ಸೈಜೂ. ಆದಷ್ಟು ಬೇಗ ತಿಳಿಸಿ ಅಂತ ಕೇಳಿದಾರೆ."

"ಏನು ತಿಳಿಸಬೇಕಂತೆ?"

"ಇನ್ನೂ ಎಷ್ಟು ಕಳಿಸ್ತೀರಿ ಅಂತ ಇರಬೇಕು."

'ಇರಬೇಕು' ಎಂಬ ಆ ಒಂದು ಮಾತನ್ನು ನಾನು ಬಹಳ ಮೆತ್ತಗೆ ಹೇಳಿದ್ದೆ. ಮಾಮ ಅದನ್ನು ಕೇಳಿಸಿಕೊಳ್ಳಲಿಲ್ಲ. ಎದುರಿನ ಅಂಗಡಿಯಿಂದ ಮೈಸೂರು ಪಾಕು ತರಿಸಿ ಹೊಲಿಯುವವರು, ಕತ್ತರಿಸುವವರು, ಮಡಚುವವರು ಎಲ್ಲರಿಗೂ ಹಂಚಿಸಿದರು. ಪಳನಿಯಪ್ಪನ್‌ಗೆ ಇನ್ನೊಂದು ಲಾಟ್ ಕೆಂಪು ಹಾಕಲು ಹೇಳಿ ಕಳಿಸಿದರು. ನಾನು ಉತ್ತರ ಬರೆದೆ: "ವೆರಿ ಹ್ಯಾಪಿ ರೆಡ್ ರನ್ನಿಂಗ್. ಸೆಂಡಿಂಗ್ ಮೋರ್ ರೆಡ್." ಚಿಕ್ಕದಾಗಿ, ಚೊಕ್ಕವಾಗಿ, ಟೆಲೆಕ್ಸಿನ ಶೈಲಿ ನನಗೂ ಕೈವಶವಾಯಿತು ಎಂದುಕೊಂಡೆ.

ಮಧ್ಯಾಹ್ನ ಪಳನಿಯಪ್ಪನ್ ನನ್ನ ಮೇಜಿನ ಮುಂದೆ ಬಂದು ನಿಂತರು. ಅವರು ಆಫೀಸಿನೊಳಗೆ ಬಂದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಕೈಯಲ್ಲಿ ಮೈಸೂರು ಪಾಕಿನ ತುಂಡು ಹಾಗೇ ಇತ್ತು.

"ಅಮ್ಮಣಿ, ಕೆಂಪಿನ ವಿಷಯ ಅವರು ಏನು ಹೇಳಿದಾರೆ? ಅವರ ಬಾಯಿ ಮಾತು ಹೇಗಿದೆಯೋ ಹಾಗೇ ಹೇಳು."

"ಓಡ್ತಾ ಇದೆ ಅಂತ ಹೇಳಿದಾರೆ ಮಾಸ್ಟರ್."

ಅವರು ಸ್ವಲ್ಪ ಯೋಚನೆ ಮಾಡಿದರು. "ಎಲ್ಲಿಗೆ ಓಡ್ತಾ ಇದೆ ಅಂತ ಕೇಳಿದೆಯಾ?"

ನಾನು ನಕ್ಕು, ಅದು ಹಾಗಲ್ಲ, ಇಂಗ್ಲಿಷಿನಲ್ಲಿ ಹಾಗೆ ಹೇಳುವ ವಾಡಿಕೆ, ಎಂದು ಬಿಡಿಸಿ ಹೇಳಿದೆ. ಅವರು ತಲೆಯಾಡಿಸಿ ಹೊರಟುಹೋದರು. ಅಷ್ಟು ಸಮಾಧಾನದಿಂದ ನಾನು ಇನ್ನೊಬ್ಬರಿಗೆ ತಪ್ಪು ಪಾಠ ಹೇಳಿದ್ದು ಅದೇ ಮೊದಲು.

ಸಂಜೆಯ ರೈಲಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು. ಹೊರಗೆ ತೆಂಗಿನ ತೋಪು, ಹತ್ತಿ ಹೊಲ, ಮಿಲ್ಲಿನ ಚಿಮಣಿ ಎಲ್ಲವೂ ಹಿಂದಕ್ಕೆ ಓಡುತ್ತಿದ್ದವು. ಎಲ್ಲಿಗೆ ಓಡುತ್ತಿದೆ ಎಂದು ಕೇಳಿದೆಯಾ? ಈ ಪ್ರಶ್ನೆ ಇರುಗೂರು ದಾಟುವವರೆಗೆ ತಮಾಷೆಯಾಗಿತ್ತು, ಆಮೇಲೆ ಇರಲಿಲ್ಲ. ಮನೆಗೆ ಬಂದವಳೇ ಚಪ್ಪಲಿ ಬಿಟ್ಟು ಮೈಸೂರಿನಿಂದ ತಂದಿದ್ದ ದಪ್ಪ ನಿಘಂಟನ್ನು ತೆಗೆದೆ.

ನೀವು ಯಾವತ್ತಾದರೂ ನಿಘಂಟಿನಲ್ಲಿ ರನ್ ಪದವನ್ನು ಹುಡುಕಿದ್ದೀರಾ? ಯಾರೂ ಹುಡುಕಿರುವುದಿಲ್ಲ. ಗೊತ್ತಿರುವ ಪದವನ್ನು ಹುಡುಕುವುದು ಮನೆಯವರ ಹೆಸರನ್ನು ಮತದಾರರ ಪಟ್ಟಿಯಲ್ಲಿ ಹುಡುಕಿದ ಹಾಗೆ. ಬೇರೆ ಕೆಲಸವಿಲ್ಲದವರು ಮಾಡುವ ಕೆಲಸ. ನಾನು ತೆರೆದು ನೋಡಿದರೆ ಅದು ಪುಟಗಟ್ಟಲೆ ಹಬ್ಬಿಕೊಂಡಿತ್ತು. ಮನುಷ್ಯ ಓಡುತ್ತಾನೆ, ಸರಿ. ಮೂಗು ಓಡುತ್ತದೆ, ಅಂದರೆ ನೆಗಡಿ. ಅಮೆರಿಕದಲ್ಲಿ ಚುನಾವಣೆಗೆ ಓಡುತ್ತಾರೆ, ನಮ್ಮಲ್ಲಿ ನಿಲ್ಲುತ್ತಾರೆ. ಸಕ್ಕರೆ ಮುಗಿದರೆ ಅದು ಹೊರಗೆ ಓಡಿತು. ದಾರಿಯಲ್ಲಿ ಹಳೆಯ ಗೆಳತಿ ಸಿಕ್ಕರೆ ಅವಳೊಳಗೆ ಓಡಿದಂತೆ. ಕಂಪನಿಯನ್ನು ಓಡಿಸುತ್ತಾರೆ, ನಾವು ನಡೆಸುತ್ತೇವೆ. ಸ್ನಾನದ ತೊಟ್ಟಿಗೆ ನೀರು ಬಿಡುವುದಕ್ಕೂ ಓಡಿಸುವುದು ಎಂದೇ ಹೆಸರು. ಹೆಣೆದ ಕಾಲುಚೀಲದಲ್ಲಿ ಒಂದು ಎಳೆ ಬಿಚ್ಚಿಕೊಂಡು ಮೇಲಿನವರೆಗೆ ಹೋದರೆ ಅದೂ ಒಂದು ರನ್. ಇದನ್ನು ಓದಿದಾಗ ನನಗೆ ಮೊದಲ ಬೆವರು ಬಂತು, ಯಾಕೆಂದರೆ ನಾವು ಕಳಿಸಿದ್ದೂ ಹೆಣೆದ ಬಟ್ಟೆಯೇ. ಬೆರಳಿಟ್ಟುಕೊಂಡು ಕೆಳಗೆ ಬಂದೆ. ಅಲ್ಲಿ ಒಂದೇ ಸಾಲಿತ್ತು: ಬಣ್ಣದ ವಿಷಯದಲ್ಲಿ, ಒದ್ದೆಯಾದಾಗ ಹರಡುವುದು.

ಚೀಲದಲ್ಲಿ ಆ ಲಾಟಿನದೇ ಒಂದು ಕೆಂಪು ಟೀ ಶರ್ಟು ಇತ್ತು, ಪಕ್ಕದ ಮನೆಯ ಮಗುವಿಗೆಂದು ಮಾಮ ಕೊಟ್ಟದ್ದು. ಹಿತ್ತಲಿಗೆ ಹೋಗಿ ಬಕೆಟ್ಟಿನಲ್ಲಿ ನೀರು ತುಂಬಿ ಮುಳುಗಿಸಿದೆ. ಸುಮ್ಮನೆ ಮುಳುಗಿಸಿದ್ದರೆ ಸಾಕಿತ್ತು. ಪರೀಕ್ಷೆ ಪಕ್ಕಾ ಆಗಲೆಂದು ಹಗ್ಗದ ಮೇಲಿದ್ದ ಗಂಡನ ಬಿಳಿ ವೇಷ್ಟಿಯನ್ನೂ, ಅಂದರೆ ಪಂಚೆಯನ್ನೂ, ಜೊತೆಗೆ ಹಾಕಿದೆ. ಕಾಲು ಗಂಟೆಯಲ್ಲಿ ವೇಷ್ಟಿ ಮದುವಣಗಿತ್ತಿಯ ಕೆನ್ನೆಯ ಬಣ್ಣಕ್ಕೆ ಬಂತು. ಟೀ ಶರ್ಟಿನ ಬಿಳಿ ಕಾಲರ್ ಎಲ್ಲಿ ಹೋಯಿತೆಂದೇ ತಿಳಿಯಲಿಲ್ಲ.

ಅತ್ತೆ ಬಂದು ಬಗ್ಗಿ ನೋಡಿದರು. "ಸಾಯ ಹೋಗ್ತಾ ಇದೆ" ಎಂದರು.

ನಾನು ಕೂತಲ್ಲೇ ಅದನ್ನು ಯೋಚಿಸಿದೆ. ಮೈಸೂರಿನ ಕನ್ನಡದಲ್ಲಿ ಬಟ್ಟೆ ಬಣ್ಣ ಬಿಡುತ್ತದೆ. ತಮಿಳಿನಲ್ಲಿ ಬಣ್ಣ ಹೋಗುತ್ತದೆ. ಇಂಗ್ಲಿಷಿನಲ್ಲಿ ಓಡುತ್ತದೆ. ಬಣ್ಣ ಹೊರಟಿದೆ ಎನ್ನುವುದರಲ್ಲಿ ಮೂರೂ ಭಾಷೆಗಳಿಗೆ ಒಮ್ಮತವಿದೆ, ಎಷ್ಟು ಅವಸರದಲ್ಲಿ ಎನ್ನುವುದರಲ್ಲಷ್ಟೇ ಭಿನ್ನಾಭಿಪ್ರಾಯ. ಬೇರೆ ದಿನವಾಗಿದ್ದರೆ ಇದರಿಂದಲೂ ಒಂದು ಮಧ್ಯಾಹ್ನದ ಸಂತೋಷ ಸಿಗುತ್ತಿತ್ತು. ಅವತ್ತು ನನಗೆ ಕಂಡದ್ದು ಮಾಮ ಹಂಚಿಸಿದ ಮೈಸೂರು ಪಾಕು.

ಮರುದಿನ ಬೆಳಿಗ್ಗೆ ಒದ್ದೆ ಟೀ ಶರ್ಟು, ಗುಲಾಬಿ ವೇಷ್ಟಿ ಎರಡನ್ನೂ ಪ್ಲಾಸ್ಟಿಕ್ ಚೀಲದಲ್ಲಿ ತೆಗೆದುಕೊಂಡು ಹೋಗಿ ಮಾಮನ ಮೇಜಿನ ಮೇಲಿಟ್ಟೆ. ಆಗಿದ್ದನ್ನು ಆಗಿದ್ದ ಹಾಗೆ ಹೇಳಿದೆ. ಅವರು ಎದ್ದು ಹಿಂದಿನ ಸಾಯಪಟ್ಟರೆಗೆ ನಡೆದರು. ನಾನೂ ಹಿಂದೆಯೇ ಹೋದೆ. ಹೊಸ ಲಾಟಿಗೆ ನೀರು ಕಾಯುತ್ತಿತ್ತು. ಪಳನಿಯಪ್ಪನ್ ನಮ್ಮ ಕೈಯ ವೇಷ್ಟಿಯನ್ನು ಕಂಡೊಡನೆ ಹೆಗಲ ಟವಲು ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ಮಾಸ್ಟರ್, ಹೋದ ಸಲ ಎಷ್ಟು ತೊಳೆದಿರಿ?" ಎಂದರು ಮಾಮ.

"ಎರಡು. ಕುದಿನೀರಲ್ಲಿ ಸೋಪು ಹಾಕಿ ಮೂರನೇದು ಆಗಬೇಕಾಗಿತ್ತು. ಕೊಚ್ಚಿ ಬಂದರಿಗೆ ಹೋಗೋ ಲಾರಿ ಬಂದು ನಿಂತಿತ್ತು."

"ನೀವು ಬೇಡ ಅಂದಿರಾ?"

"ಅಂದೆ. ನೀವು ಏರು ದನಿಯಲ್ಲಿ ಇದ್ರಿ."

ಇಪ್ಪತ್ತು ವರ್ಷ ಒಟ್ಟಿಗೆ ಕೆಲಸ ಮಾಡಿದವರು ಅವರಿಬ್ಬರು. ಈಗ ಯಾರಾದರೂ ಒಬ್ಬರು ಒಂದು ಮಾತು ಹೆಚ್ಚು ಆಡಿದರೆ ಪಳನಿಯಪ್ಪನ್ ಟವಲು ಹೆಗಲಿಗೆ ಹಾಕಿಕೊಂಡು ಹೊರಟುಬಿಡುತ್ತಾರೆ ಎಂದು ನನಗೆ ಭಯವಾಯಿತು. ಮಾಮ ವೇಷ್ಟಿಯನ್ನು ತಿರುಗಿಸಿ ಮುರುಗಿಸಿ ನೋಡಿದರು. ಕೊನೆಗೆ, "ಒಲೆ ಆರಿಸಿ. ಈ ಲಾಟಿಗೆ ಎಷ್ಟು ದಿನ ಬೇಕೋ ನೀವೇ ಹೇಳಿ. ಲಾರಿ ನಿಂತರೆ ನಿಲ್ಲಲಿ" ಎಂದರು.

ಅದಕ್ಕಿಂತ ದೊಡ್ಡ ಕ್ಷಮಾಪಣೆಯನ್ನು ಯಾವ ಮೊದಲಾಳಿಯೂ ಕೇಳಿರಲಾರ. ಪಳನಿಯಪ್ಪನ್ ಟವಲಿನಿಂದ ಮುಖ ಒರೆಸಿಕೊಂಡು, "ಎಂಟು ದಿನ" ಎಂದರು.

ಇನ್ನು ಉಳಿದವಳು ನಾನು. ಆಫೀಸಿಗೆ ಬಂದ ಮೇಲೆ, "ಮಾಮಾ, ನಾಳೆಯಿಂದ ನಾನು ಬರೋದಿಲ್ಲ" ಎಂದೆ. ರೈಲಿನಲ್ಲಿ ಈ ಮಾತನ್ನು ಅಭ್ಯಾಸ ಮಾಡಿಕೊಂಡೇ ಬಂದಿದ್ದೆ.

"ಬರದಿದ್ದರೆ ಇದಕ್ಕೆ ಉತ್ತರ ಯಾರು ಬರೆಯೋದು?" ಎಂದು ಮಾಮ ಜೇಬಿನಿಂದ ಒಂದು ಕಾಗದ ತೆಗೆದುಕೊಟ್ಟರು. ಜರ್ಮನಿಯಿಂದ ಬಂದ ಹೊಸ ಟೆಲೆಕ್ಸ್. ಎರಡೇ ಮಾತು: "ವೈ ಹ್ಯಾಪಿ?"

ನಾನು ಅರ್ಥ ಹೇಳಿದೆ: ಯಾಕೆ ಸಂತೋಷ?

"ನ್ಯಾಯವಾದ ಪ್ರಶ್ನೆ" ಎಂದರು ಮಾಮ.

ಉತ್ತರವನ್ನು ನಾನು ನನ್ನ ಮೊದಲ ದರ್ಜೆಗೆ ತಕ್ಕ ಹಾಗೆ ಬರೆದೆ. ಉಂಟಾದ ಅನಾನುಕೂಲಕ್ಕೆ ತೀವ್ರವಾಗಿ ವಿಷಾದಿಸುತ್ತೇವೆ, ಕೂಡಲೇ ಸೂಕ್ತ ಕ್ರಮ ಕೈಗೊಳ್ಳುತ್ತೇವೆ, ಇತ್ಯಾದಿ. ಓದಿ ಕನ್ನಡದಲ್ಲಿ ವಿವರಿಸಿದೆ. ಮಾಮ ಕಣ್ಣು ಮುಚ್ಚಿಕೊಂಡು ಕೇಳಿದರು.

"ಇದರಲ್ಲಿ ನಾವು ಏನು ತಪ್ಪು ಮಾಡಿದ್ವಿ ಅಂತ ಎಲ್ಲಿ ಇದೆ ಅಮ್ಮಣಿ?"

ಹುಡುಕಿದೆ. ಎಲ್ಲಿಯೂ ಇರಲಿಲ್ಲ.

"ಅದನ್ನ ಮೊದಲು ಹಾಕು. ಆಮೇಲೆ ಬೇರೆ ಏನಾದರೂ ಬೇಕಾ ನೋಡೋಣ."

ಹಾಕಿದೆವು. ತೊಳೆಯುವುದರಲ್ಲಿ ಅವಸರ ಮಾಡಿದ್ದು ನಮ್ಮ ತಪ್ಪು. ಓಡುತ್ತಿದೆ ಎಂದರೆ ಮಾರಾಟವಾಗುತ್ತಿದೆ ಎಂದು ತಿಳಿದು ಸಂತೋಷಪಟ್ಟೆವು. ಬದಲಿಗೆ ಹೊಸದನ್ನು ಕಳಿಸುತ್ತೇವೆ. ಅದರ ಮೇಲೆ ಬೇರೇನೂ ಬೇಕಾಗಲಿಲ್ಲ.

ಮೂರು ದಿನ ಉತ್ತರವಿಲ್ಲ. ಕಂಪನಿಯಲ್ಲಿ ಹೊಲಿಗೆ ಯಂತ್ರಗಳ ಸದ್ದೂ ಕಡಿಮೆಯಾದಂತೆ ನನಗೆ ಅನಿಸುತ್ತಿತ್ತು. ಆ ಹೆಂಗಸು ಕೈಬಿಟ್ಟರೆ ಮುಂದಿನ ಆರ್ಡರಿಲ್ಲ, ಹೊಸದಾಗಿ ಸೇರಿಸಿಕೊಂಡಿದ್ದ ಹೊಲಿಯುವ ಹೆಂಗಸರಿಗೆ ಕೆಲಸವಿಲ್ಲ. ಯಾರೂ ನನ್ನನ್ನು ಏನೂ ಅನ್ನಲಿಲ್ಲ. ಊಟದ ಹೊತ್ತಿಗೆ ಎಂದಿನಂತೆ ತಮ್ಮ ಡಬ್ಬಿಯಿಂದ ಪಲ್ಯ ಕೊಡುತ್ತಿದ್ದರು.

ನಾಲ್ಕನೆಯ ದಿನ ಟೆಲೆಕ್ಸ್ ಬಂತು: "ಅಂಡರ್‌ಸ್ಟುಡ್. ಹೋಲ್ ಆಫೀಸ್ ಲಾಫ್ಡ್. ಸೆಂಡ್ ನ್ಯೂ ರೆಡ್." ಅರ್ಥವಾಯಿತು, ಆಫೀಸಿನವರೆಲ್ಲ ನಕ್ಕೆವು, ಹೊಸ ಕೆಂಪು ಕಳಿಸಿ. ನಾನು ಅದನ್ನು ಓದುವಾಗ ಪಳನಿಯಪ್ಪನ್ ಬಾಗಿಲಲ್ಲಿ ನಿಂತಿದ್ದರು.

"ನಕ್ಕರು ಅಂದ್ರೆ ಯಾವ ಥರ ನಗು ಅಮ್ಮಣಿ?" ಎಂದು ಕೇಳಿದರು.

ಈ ಸಲ ನಾನು ನಗಲಿಲ್ಲ. "ಗೊತ್ತಿಲ್ಲ ಮಾಸ್ಟರ್. ಒಳ್ಳೆ ನಗು ಅಂತ ಅನಿಸ್ತಿದೆ. ಆದರೆ ಬರೀ ಅಕ್ಷರ ನೋಡಿ ಹೇಳೋಕಾಗಲ್ಲ" ಎಂದೆ. ಆ ಕಂಪನಿಯಲ್ಲಿ ನಾನು ಗೊತ್ತಿಲ್ಲ ಎಂದು ಹೇಳಿದ್ದು ಅದೇ ಮೊದಲು. ಪಳನಿಯಪ್ಪನ್ ನನ್ನನ್ನು ನಂಬತೊಡಗಿದ್ದು ಅವತ್ತಿನಿಂದ ಎಂದು ನನ್ನ ಎಣಿಕೆ.

ಎಂಟು ದಿನ ಎಂದದ್ದು ಹನ್ನೊಂದಾಯಿತು. ಲಾರಿ ಬಂದು ನಿಂತಿತು, ಡ್ರೈವರ್ ಎರಡು ಸಲ ಟೀ ಕುಡಿದು ಮಲಗಿಬಿಟ್ಟ. ಮಾಮ ಅಂಗಳದಲ್ಲಿ ಶತಪಥ ಹಾಕಿದರು, ದನಿ ಮಾತ್ರ ಏರಿಸಲಿಲ್ಲ. ಹೊಸ ಕೆಂಪು ಜರ್ಮನಿಗೆ ಹೋಯಿತು.

ಆಮೇಲೆ ಮಾಮನ ಆಜ್ಞೆಯಂತೆ ಊಟವಾದ ಮೇಲಿನ ಅರ್ಧ ಗಂಟೆ ಇಂಗ್ಲಿಷ್ ಪಾಠ ಶುರುವಾಯಿತು. ದಿನಕ್ಕೊಂದು ಕ್ರಿಯಾಪದ. ಮಾಮ, ಪಳನಿಯಪ್ಪನ್, ಹೊಲಿಯುವ ಏಳೆಂಟು ಹೆಂಗಸರು. ದೊಡ್ಡ ಪದಗಳನ್ನು ನಾನು ಮುಟ್ಟಲೇ ಇಲ್ಲ. ಗೆಟ್, ಟೇಕ್, ಪುಟ್, ಗೋ, ಇಷ್ಟರಲ್ಲೇ ವರ್ಷ ಕಳೆಯಿತು. ಪ್ರತಿಯೊಂದಕ್ಕೂ ಪಳನಿಯಪ್ಪನ್ ಯಾರು, ಎಲ್ಲಿಂದ, ಎಲ್ಲಿಗೆ ಎಂದು ಕೇಳುತ್ತಿದ್ದರು. ಪೊಲೀಸರ ಮುಂದೆ ನಿಂತ ಹಾಗೆ ಪದಗಳು ತಮ್ಮ ತಮ್ಮ ಅರ್ಥವನ್ನು ಒಂದೊಂದಾಗಿ ಒಪ್ಪಿಕೊಳ್ಳುತ್ತಿದ್ದವು. ಭಾಷೆ ಕಲಿಸುವ ಕ್ರಮದ ಬಗ್ಗೆ ನಾನು ಓದಿದ್ದೆಲ್ಲ ಸೇರಿದರೂ ಆ ಮೂರು ಪ್ರಶ್ನೆಗಳಷ್ಟು ಉಪಯೋಗಕ್ಕೆ ಬಂದಿಲ್ಲ.

ಮುಂದಿನ ವರ್ಷ ಆ ಜರ್ಮನಿಯ ಹೆಂಗಸು ತಾನೇ ತಿರುಪ್ಪೂರಿಗೆ ಬಂದಳು. ಎತ್ತರದ ನಿಲುವು, ಬೆಳ್ಳಗಾದ ಕೂದಲು, ನಮ್ಮತ್ತೆಯ ವಯಸ್ಸು. ಮಾತಾಡಲು ಶುರುಮಾಡಿದಾಗ ನನಗೆ ಒಂದು ವಿಷಯ ಗೊತ್ತಾಯಿತು. ಅವಳೂ ನನ್ನ ಹಾಗೆ ಪದಕ್ಕೆ ಮೊದಲು ಒಂದು ಕ್ಷಣ ನಿಲ್ಲುತ್ತಿದ್ದಳು. ಇಂಗ್ಲಿಷ್ ಅವಳ ಮನೆಯ ಭಾಷೆಯೂ ಆಗಿರಲಿಲ್ಲ. ನಾವಿಬ್ಬರೂ ಪರಸ್ಪರರ ಇಂಗ್ಲಿಷಿಗೆ ಹೆದರಿಕೊಂಡೇ ಒಂದು ವರ್ಷ ವ್ಯವಹಾರ ಮಾಡಿದ್ದೆವು.

ಹಳೆಯ ಟೆಲೆಕ್ಸಿನ ಮಾತು ಬಂದಾಗ ಅವಳು ನಕ್ಕು ಹೇಳಿದಳು. ಅವಳ ಭಾಷೆಯಲ್ಲಿ ಬಣ್ಣಕ್ಕೆ ರಕ್ತ ಸುರಿಯುತ್ತದಂತೆ. ಇಂಗ್ಲಿಷಿನಲ್ಲಿಯೂ ಆ ಮಾತುಂಟು. ಮೊದಲು ಹಾಗೇ ಬರೆದಿದ್ದಳಂತೆ, ಕೆಂಪಿಗೆ ರಕ್ತ ಸುರಿಯುತ್ತಿದೆ, ಎಲ್ಲಾ ಸೈಜಿನಲ್ಲೂ. ಆಮೇಲೆ, ದೂರದ ಊರಿನ ಜನ, ಓದಿ ಯಾರಿಗೋ ಏಟು ಬಿದ್ದಿದೆ ಎಂದು ಗಾಬರಿಯಾದಾರು ಅನಿಸಿ, ನಿಘಂಟು ತೆಗೆದು, ಇದ್ದುದರಲ್ಲಿ ಮೆತ್ತಗಿನ ಪದವನ್ನು ಹುಡುಕಿ ಹಾಕಿದಳಂತೆ.

ಮಾಮನಿಗೆ ಅದನ್ನು ಕನ್ನಡದಲ್ಲಿ ಹೇಳಿದೆ. ಅವರು ಬಹಳ ಹೊತ್ತು ನಕ್ಕರು. ಕಣ್ಣೊರೆಸಿಕೊಂಡು, "ಎಷ್ಟು ಒಳ್ಳೆ ಹೆಂಗಸು. ಹೆದರಿಸಿದ್ದರೇ ಚೆನ್ನಾಗಿತ್ತು ಅಂತ ಹೇಳು" ಎಂದರು. ಪಳನಿಯಪ್ಪನ್‌ಗೆ ತಮಿಳಿನಲ್ಲಿ ಹೇಳಿದೆ. ಅವರು ನಗಲಿಲ್ಲ. ಹಿಂದೆ ಹೋಗಿ ಅಂದು ಬೆಳಿಗ್ಗೆ ಒಣಗಿಸಿದ ಕೆಂಪು ಬಟ್ಟೆಯನ್ನು ತಂದು ಅವಳ ಮುಂದೆ ಹಿಡಿದರು.

ಅವಳು ಕೈಚೀಲದಿಂದ ಬಿಳಿ ಕರವಸ್ತ್ರ ತೆಗೆದು, ಲೋಟದ ನೀರಿನಲ್ಲಿ ಅದರ ತುದಿಯನ್ನು ಅದ್ದಿ, ಬಟ್ಟೆಯ ಮೇಲೆ ಬಲವಾಗಿ ಉಜ್ಜಿದಳು. ತಿರುಗಿಸಿ ನೋಡಿದಳು. ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ಆ ಕರವಸ್ತ್ರವನ್ನು ಪಳನಿಯಪ್ಪನ್ ಕೈಗೇ ಕೊಟ್ಟಳು. ಅವರು ಅದರ ಬಿಳಿಯಾಗಿಯೇ ಉಳಿದ ಒದ್ದೆ ತುದಿಯನ್ನು ತಮ್ಮ ಕೆಂಪು ಬೆರಳುಗಳಿಂದ ಹಿಡಿದು ನೋಡಿ ತಲೆಯಾಡಿಸಿದರು. ಅವಳೂ ತಲೆಯಾಡಿಸಿದಳು. ಇಬ್ಬರೂ ಅಲ್ಲಿಂದ ಸಾಯದ ತೊಟ್ಟಿಗಳ ಕಡೆ ಹೊರಟರು, ಒಬ್ಬರು ತೋರಿಸುತ್ತಾ, ಒಬ್ಬರು ಮುಟ್ಟಿ ನೋಡುತ್ತಾ.

ನಾನು ಅನುವಾದ ಮಾಡಲೆಂದು ಅವರ ಹಿಂದೆ ನಾಲ್ಕು ಹೆಜ್ಜೆ ಹೋದೆ. ಸ್ವಲ್ಪ ಹೊತ್ತು ನಿಂತು ನೋಡಿದೆ. ಆಮೇಲೆ ವಾಪಸು ಬಂದು, ತಣ್ಣಗಾಗುವ ಮೊದಲು ನನ್ನ ಕಾಫಿ ಕುಡಿದೆ.